ಗಾಡಿ ಬಿಸಿಯಾಗುವ ಹೊತ್ತು

ನಮ್ಮೂರಿನಲ್ಲಿ ನನ್ನನ್ನು ಸೈಲೆನ್ಸರ್ ಡಾಕ್ಟ್ರು ಅಂತ ಕರೆಯುತ್ತಾರೆ. ಹೆಸರಿಟ್ಟವನು ನನ್ನ ಸ್ವಂತ ಅಣ್ಣ. ನನಗೆ ಪಿಎಚ್.ಡಿ. ಬಂದಾಗ ಅರಳಿಕಟ್ಟೆಯ ಮೇಲೆ ಕೂತಿದ್ದ ಯಾರೋ "ನಿನ್ ತಂಗಿ ಯಾವ್ ಡಾಕ್ಟ್ರಾದ್ಲಾ, ಜ್ವರಕ್ಕೆ ಸೂಜಿ ಚುಚ್ಚಾಳಾ?" ಅಂತ ಕೇಳಿದ್ದಕ್ಕೆ ಅವನು, "ಮನ್ಸರ ಡಾಕ್ಟ್ರಲ್ಲ ಕಣ್ಲಾ, ಸೈಲೆನ್ಸರ್ ಡಾಕ್ಟ್ರು" ಅಂದಿದ್ದನಂತೆ. ಅವನು ಹೆಮ್ಮೆಯಿಂದಲೇ ಅಂದದ್ದು. ಊರಿಗೆ ಅದು ನಗುವ ವಸ್ತುವಾಯಿತು. ಈಗಲೂ ನಾನು ಬಸ್ಸಿಳಿದು ಮನೆಗೆ ನಡೆಯುವಾಗ ಯಾರಾದರೊಬ್ಬರು ತಮ್ಮ ಬೈಕು ತೋರಿಸಿ "ಒಸಿ ನಾಡಿ ನೋಡವ್ವ" ಅನ್ನದೆ ಬಿಡುವುದಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ "ಬೈಕ್ ಚೆನ್ನಾಗದೆ, ನಿನ್ ಎದೆನೇ ಬೀಡಿ ಒಗೆ ತುಂಬ್ಕೊಂಡದೆ" ಅಂದು ಮುಂದೆ ಹೋಗುತ್ತೇನೆ.

ನಾನು ಮಂಡ್ಯದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಅದಕ್ಕೆ ಮೊದಲು ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಕೂತು ಮಾಡಿದ್ದು ಒಂದೇ ಕೆಲಸ. ಡೀಸೆಲ್ ಎಂಜಿನ್ನಿನೊಳಗೆ ಬೆಂಕಿ ಎಷ್ಟು ಜೋರಾಗಿರುತ್ತದೆ ಅಂದರೆ, ತನ್ನ ಪಾಡಿಗೆ ತಾನಿರುವ ಗಾಳಿಯ ನೈಟ್ರೋಜನ್ನೇ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗಿಬಿಡುತ್ತದೆ. ಅದು ಕರಿಹೊಗೆಯ ಹಾಗೆ ಕಣ್ಣಿಗೆ ಕಾಣುವುದಿಲ್ಲ, ಎದೆಗೆ ಹೋದ ಮೇಲೆ ಗೊತ್ತಾಗುತ್ತದೆ. ಅದನ್ನು ಮುರಿದು ಮತ್ತೆ ಬರೀ ನೈಟ್ರೋಜನ್ನು, ನೀರು ಮಾಡಿ ಹೊರಗೆ ಕಳಿಸುವುದು ಸೈಲೆನ್ಸರಿನ ದಾರಿಯಲ್ಲಿ ಕೂರಿಸುವ ಕ್ಯಾಟಲಿಸ್ಟಿನ ಕೆಲಸ. ಹೈಸ್ಕೂಲಿನಲ್ಲಿ ಕ್ರಿಯಾವರ್ಧಕ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಜೇನುಹಲ್ಲೆಯಂತೆ ತೂತು ತೂತಾಗಿರುವ ಒಂದು ಇಟ್ಟಿಗೆ, ಆ ತೂತುಗಳ ಗೋಡೆಗೆ ಲೇಪಿಸಿದ ಪುಡಿ. ಹೊಗೆ ಅದರೊಳಗೆ ಹಾಯುವ ಮೊದಲು ಯೂರಿಯಾ ಬೆರೆಸಿದ ನೀರನ್ನು ಸಣ್ಣಗೆ ಚಿಮುಕಿಸುತ್ತಾರೆ. ಯೂರಿಯಾ ಬಿಸಿಗೆ ಅಮೋನಿಯಾ ಆಗುತ್ತದೆ, ಅಮೋನಿಯಾ ಆ ಕೆಟ್ಟ ಅನಿಲವನ್ನು ಮುರಿಯುತ್ತದೆ. ಇಷ್ಟೇ. ಈ 'ಇಷ್ಟೇ'ಯ ಹಿಂದೆ ಬಿದ್ದು ನನ್ನ ಕನ್ನಡಕದ ಗಾಜು ದಪ್ಪಗಾಯಿತು.

ಓದಿದ್ದು ನಾನಾದರೂ ಓದಿಗೆ ಹಟ ಹಿಡಿದವಳು ಅತ್ತಿಗೆ. ಮಳವಳ್ಳಿ ಕಡೆಯವಳು. ಅವಳು ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಪ್ಪ, ಅವ್ವ ಕಂಡವರ ಕಬ್ಬಿನ ಗದ್ದೆಗೆ ಕೂಲಿ ಹೋಗುತ್ತಿದ್ದ ಕಾಲ ಅದು. ಹತ್ತನೇ ಕ್ಲಾಸು ಮುಗಿದದ್ದೇ "ಸಾಕು, ಕಳೆ ಕೀಳಾಕೆ ಬರ್ಲಿ" ಅಂತ ಮನೆಯಲ್ಲಿ ಮಾತೆದ್ದಿತು. ಮದುವೆಯಾಗಿ ಇನ್ನೂ ವರ್ಷ ತುಂಬದ ಅತ್ತಿಗೆ ಒಳಗಿನಿಂದಲೇ "ಕಳೆ ನಾನ್ ಕೀಳ್ತೀನಿ, ಆ ಮಗ ಓದ್ಲಿ" ಅಂದಳು. ಅಂದದ್ದಷ್ಟೇ ಅಲ್ಲ, ಕಿತ್ತಳು. ನಾನು ಪಿಯುಸಿ ಓದುವಾಗ ಅವಳ ಬೆರಳುಗಳು ಬಿರುಕು ಬಿಟ್ಟಿದ್ದವು. ಅದೇ ಬೆರಳಿನಲ್ಲಿ ನನಗೆ ಎರಡು ಜಡೆ ಹೆಣೆದು ಬಸ್ಸಿಗೆ ಕಳಿಸುತ್ತಿದ್ದಳು.

ಆ ಅತ್ತಿಗೆಗೆ ಕೆಲವು ವರ್ಷಗಳ ಹಿಂದೆ ಉಬ್ಬಸ ಶುರುವಾಯಿತು. ಬೆಳಗಿನ ಹೊತ್ತು ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಬಗ್ಗಿ ನಿಂತುಬಿಡುತ್ತಾಳೆ. ಅಣ್ಣ ಓಡಿಬಂದು ಬೆನ್ನು ನೀವುತ್ತಾ "ನಿಧಾನ್ಕೆ ಎಳ್ಕೊ, ನಿಧಾನ್ಕೆ ಬುಡು. ನಿಧಾನ್ಕೆ ಎಳ್ಕೊ, ನಿಧಾನ್ಕೆ ಬುಡು" ಅನ್ನುತ್ತಾನೆ. ಬೇರೆ ಎಲ್ಲ ಮಾತನ್ನೂ ಕಿರುಚಿಯೇ ಆಡುವ ಮನುಷ್ಯ ಇದೊಂದನ್ನು ಮಾತ್ರ ಮಗು ಮಲಗಿಸುವವನ ದನಿಯಲ್ಲಿ ಹೇಳುತ್ತಾನೆ. ಮಂಡ್ಯದ ಡಾಕ್ಟರು ಬಾಯಿಗೆ ಒತ್ತಿಕೊಳ್ಳುವ ಪಂಪು ಬರೆದುಕೊಟ್ಟು, ಹೊಗೆಯ ಕಡೆ ಸುಳಿಯಬೇಡಿ ಅಂದರು. ಸೌದೆ ಒಲೆ ಹೋಗಿ ಗ್ಯಾಸು ಬಂತು. ಕೊಟ್ಟಿಗೆಯಲ್ಲಿ ಸೊಳ್ಳೆಗೆ ಹಾಕುತ್ತಿದ್ದ ಹೊಗೆ ನಿಂತಿತು. ಬುದ್ಧನ ಫೋಟೋದ ಮುಂದೆ ಹಚ್ಚುತ್ತಿದ್ದ ಗಂಧದಕಡ್ಡಿಯೂ ನಿಂತು, ಒಂದು ಕಣಗಿಲೆ ಹೂವಿಡುವುದಷ್ಟೇ ಉಳಿಯಿತು. ಆದರೂ ಉಬ್ಬಸ ಬಿಡಲಿಲ್ಲ.

ಉಳಿದಿದ್ದ ಹೊಗೆ ಒಂದೇ, ಅಣ್ಣನ ಕ್ಯಾಂಟರಿನದು. ಅವನು ಮಳವಳ್ಳಿ ಕಡೆಯ ತೋಟಗಳಿಂದ ಎಳನೀರು ತುಂಬಿಕೊಂಡು ಮದ್ದೂರಿನ ಮಾರ್ಕೆಟ್ಟಿಗೆ ಹಾಕುತ್ತಾನೆ. ಹಳೆಯ ಕ್ಯಾಂಟರ್ ಹೊರಟರೆ ಬೀದಿಯ ಕೊನೆಯವರೆಗೂ ಕಪ್ಪಗಾಗುತ್ತಿತ್ತು. ಒಂದು ಭಾನುವಾರ ಅವನೇ ಕೇಳಿದ, "ಒಸ ಗಾಡಿಲಿ ನೀನ್ ಮಾಡ್ತಿದ್ದಲ್ಲ, ಆ ಡಬ್ಬ ಇರ್ತದಂತೆ, ದಿಟವಾ?" ದಿಟ ಅಂದೆ. "ಒಗೆ ತಿಂದಾಕ್ಬುಡ್ತದಾ?" ಹೊಗೆಯನ್ನು ಹಿಡಿಯುವ ಫಿಲ್ಟರ್ ಬೇರೆ, ಅನಿಲ ಮುರಿಯುವ ಕ್ಯಾಟಲಿಸ್ಟ್ ಬೇರೆ, ಎರಡೂ ಇರುತ್ತವೆ ಅಂತ ವಿವರಿಸಹೊರಟೆ. ಅವನಿಗೆ ಅಷ್ಟೆಲ್ಲ ಬೇಕಿರಲಿಲ್ಲ. "ನಮ್ಮೋಳ್ ಎದೆಗೆ ಒಳ್ಳೇದಾಯ್ತದಾ, ಅದ್ ಯೋಳು" ಅಂದ. ಆಗುತ್ತದೆ ಅಂದೆ. ಹಳೆಯದನ್ನು ಮಾರಿ ಹೊಸದು ತಂದ. ಊರಿನವರು ಬಣ್ಣ ನೋಡಿದರು, ಕ್ಯಾಬಿನ್ನು ನೋಡಿದರು. ಅವನು ಮಾತ್ರ ಎಲ್ಲರನ್ನೂ ಕರೆದು ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಸಣ್ಣ ಟ್ಯಾಂಕು ತೋರಿಸಿದ. "ಇದ್ರಲ್ಲಿ ಯೂರಿಯಾ ನೀರಿರ್ತದೆ. ಸೈಲೆನ್ಸರ್ ಒಳಗಡೆ ನನ್ ತಂಗಿ ಅವ್ಳೆ" ಅಂದ.

ಅವನ ಬೆಳಗು ಹೇಗೆಂದು ಹೇಳಬೇಕು. ಕತ್ತಲು ಹರಿಯುವ ಮುಂಚೆ ಎದ್ದು ಮೊದಲು ಗಾಡಿ ಸ್ಟಾರ್ಟ್ ಮಾಡುತ್ತಾನೆ. ಬ್ರೇಕಿಗೆ ಗಾಳಿ ಕಟ್ಟಬೇಕು, ಎಂಜಿನ್ನು ಬೆಚ್ಚಗಾಗಬೇಕು ಅನ್ನುವುದು ಅವನು ಲಾರಿ ಕಲಿತ ಕಾಲದ ಪಾಠ. ಗಾಡಿ ಗುರುಗುಡುತ್ತಾ ನಿಂತಿರುತ್ತದೆ, ಅವನು ಒಳಗೆ ಬಂದು ಮುಖ ತೊಳೆದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿಯುತ್ತಾನೆ. ಅತ್ತಿಗೆ ಬುತ್ತಿ ಕಟ್ಟುತ್ತಾಳೆ. ನಮ್ಮ ಅಂಗಳ ಮೂರು ಕಡೆ ಗೋಡೆ, ಒಂದು ಕಡೆ ಬೀದಿ. ಬೆಳಿಗ್ಗೆ ಮುಂದಕ್ಕೆ ಹೊರಡಲು ಅನುಕೂಲವಾಗಲೆಂದು ಗಾಡಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸುವುದರಿಂದ ಅದರ ಹಿಂಭಾಗ ಅಡುಗೆಮನೆಯ ಕಿಟಕಿಯ ಹತ್ತಿರಕ್ಕೇ ಬರುತ್ತದೆ. ಹಳೆಯ ಗಾಡಿಗೂ ಇದೇ ಜಾಗ, ಹೊಸ ಗಾಡಿಗೂ ಇದೇ ಜಾಗ.

ಹೊಸ ಗಾಡಿ ಬಂದ ಮೇಲೆ ಕಿಟಕಿಯ ಸರಳಿಗೆ ಮಸಿ ಹತ್ತುವುದು ನಿಂತಿತು. ಅತ್ತಿಗೆಯ ಉಬ್ಬಸ ನಿಲ್ಲಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ "ಕಮ್ಮಿಯಾಗದೆ ಕಣಮ್ಮಿ" ಅನ್ನುತ್ತಿದ್ದಳು. ಅವಳು ಇಪ್ಪತ್ತು ವರ್ಷದಿಂದ ಯಾವ ನೋವನ್ನೂ ಕಮ್ಮಿ ಮಾಡಿಯೇ ಹೇಳುವವಳು ಅನ್ನುವುದು ನನಗೆ ಗೊತ್ತಿತ್ತು.

ಹೀಗಿರುವಾಗ ಇನ್ನೊಂದು ಭಾನುವಾರ ಅಣ್ಣ ಫೋನು ಮಾಡಿದ. ಗಾಡಿ ಎಳೆಯುತ್ತಿಲ್ಲ, ಹಳದಿ ದೀಪ ಹತ್ತಿಕೊಂಡಿದೆ, ಎತ್ತಿನ ಗಾಡಿಯೇ ವಾಸಿ ಅನ್ನುವ ಹಾಗೆ ನಡೆಯುತ್ತಿದೆ, ಸೈಲೆನ್ಸರ್ ಡಾಕ್ಟ್ರು ಬರಬೇಕಂತೆ. ಹೋದೆ. ನೀಲಿ ಮುಚ್ಚಳ ತೆರೆದರೆ ಬಾಯಿಯ ಸುತ್ತ ಉಪ್ಪಿನ ಹಾಗೆ ಬಿಳಿ ಕಟ್ಟಿದೆ. ಮೂಗು ಹತ್ತಿರ ತಂದರೆ ಬೇವಿನೆಣ್ಣೆಯ ವಾಸನೆ! ನನಗೆ ಅರ್ಥವಾಗಿಹೋಯಿತು.

"ಇದಕ್ಕೆ ಏನ್ ಹಾಕ್ದೆ ಅಣ್ಣ?"

"ಯೂರಿಯಾ ನೀರು."

"ಯಾವ ಯೂರಿಯಾ?"

"ಯೂರಿಯಾ ಅಂದ್ರೆ ಯೂರಿಯಾ ಕಣೆ. ಭತ್ತಕ್ ಹಾಕಾದು. ಬಂಕಲ್ಲಿ ಸ್ಟಾಕಿಲ್ಲ ಅಂದ್ರು, ಗಾಡಿ ನೋಡುದ್ರೆ ಕುಂಯ್ ಕುಂಯ್ ಅಂತದೆ, ಅತ್ಲಾಗಿ ತೋಟದೋರು ಕಾಯಿ ಕೆಡವಿ ಮಡಗವ್ರೆ. ಮನೇಲೇ ಮೂಟೆ ಮಡಿಕ್ಕಂಡು ಬಂಕ್ ಮುಂದೆ ಕೈ ಕಟ್ಕೊಂಡ್ ನಿಂತ್ಕಬೇಕಾ ನಾನು?"

ನನಗೆ ತಲೆ ಕೆಟ್ಟುಹೋಯಿತು. ಬಾಯಿಗೆ ಬಂದಂತೆ ಬೈಯಬೇಕು ಅನ್ನುವಷ್ಟರಲ್ಲಿ ಅವನು ತಾನು ಪಟ್ಟ ಶ್ರಮ ಹೇಳತೊಡಗಿದ. ಬೋರಿನ ನೀರು ಉಪ್ಪು ಅಂತ ಅದನ್ನು ಮುಟ್ಟಲಿಲ್ಲವಂತೆ, ನಾಲೆಯಿಂದ ಹೊತ್ತು ತಂದನಂತೆ. ಹೊಸ ಬಕೆಟ್ಟಿನಲ್ಲಿ ಕಲಸಿದನಂತೆ. ಆಮೇಲೆ ತನ್ನ ಮದುವೆಯ ಬಿಳಿ ಪಂಚೆಯನ್ನು ಮೂರು ಪದರ ಮಡಿಸಿ ಸೋಸಿದನಂತೆ. "ಒಂದ್ ಚೂರ್ ಕಸ ಇರ್ನಿಲ್ಲ ಕಣೆ, ಕುಡಿಯಂಗಿತ್ತು" ಅಂದ. ಪಂಚೆ ಹಗ್ಗದ ಮೇಲೆ ಒಣಗುತ್ತಿತ್ತು. ಅದರ ಮಧ್ಯದಲ್ಲಿ ಬೇವಿನ ಎಣ್ಣೆಯ ಹಳದಿ ಕಲೆ ತಟ್ಟೆಯಗಲ ಕೂತಿತ್ತು. ಗದ್ದೆಯಲ್ಲಿ ಯೂರಿಯಾ ನಿಧಾನವಾಗಿ ಕರಗಲಿ ಅಂತ ಅದಕ್ಕೆ ಬೇವಿನೆಣ್ಣೆ ಬಳಿದಿರುತ್ತಾರೆ. ನಾಲೆಯ ನೀರಿನಲ್ಲೂ ಸುಣ್ಣವಿರುತ್ತದೆ, ಉಪ್ಪಿರುತ್ತದೆ, ನೀರು ಕಾಯಿಸುವ ಹಂಡೆಯ ತಳಕ್ಕೆ ಕಟ್ಟುವುದು ಅದೇ. ಇವೆಲ್ಲ ಯಾವ ಪಂಚೆಯಲ್ಲೂ ನಿಲ್ಲುವುದಿಲ್ಲ, ಹೋಗಿ ಚಿಮುಕಿಸುವ ಮೂತಿಯಲ್ಲೂ ಕ್ಯಾಟಲಿಸ್ಟಿನ ತೂತುಗಳಲ್ಲೂ ಕೂರುತ್ತವೆ. ನಾನು ಬೈಯದೆ ನಿಧಾನವಾಗಿ ಹೇಳಿದೆ. ಅವನು ಪಂಚೆಯನ್ನು ನೋಡುತ್ತಾ ನಿಂತ.

ಮಾರನೆಯ ದಿನ ಗಾಡಿಯನ್ನು ಕುಂಟಿಸಿಕೊಂಡು ಮಂಡ್ಯದ ಗ್ಯಾರೇಜಿಗೆ ತಂದೆವು. ಅತ್ತಿಗೆಗೆ ಡಾಕ್ಟರನ್ನು ನೋಡುವುದಿತ್ತು, ಅವಳೂ ಬಂದಿದ್ದಳು. ಮೆಕ್ಯಾನಿಕ್ ಅಣ್ಣನಿಗೆ ಹಳೆಯ ಪರಿಚಯ. ಲ್ಯಾಪ್‌ಟಾಪಿನ ವೈರು ಚುಚ್ಚಿ ನೋಡಿದ, ಮೂತಿ ಬಿಚ್ಚಿ ನೋಡಿದ, ನಕ್ಕ.

"ಅಣ್ಣಯ್ಯ, ನೀನೊಬ್ನೇ ಅಲ್ಲ ಬುಡು, ಈ ಸೀಮೆಲಿ ಎಲ್ರೂ ಮಾಡಾದು ಇದೇಯ. ಒಂದೇ ಟ್ಯಾಂಕಿಗೆ ಗೊತ್ತಾಗದೆ, ಬಚಾವ್. ತೊಳುದ್ ಕೊಡ್ತೀನಿ. ಆದ್ರೆ ನನ್ ಕೇಳುದ್ರೆ ಈ ರಗಳೆನೇ ಬ್ಯಾಡ. ಈ ಡಬ್ಬ ಕಿತ್ತಾಕಿ ಖಾಲಿ ಪೈಪ್ ಕೂರುಸ್ಬುಡಾನ. ಎಲ್ಲಾ ಸರಿಯಾಗದೆ ಅಂತ ಗಾಡಿ ಕಂಪ್ಯೂಟರ್ಗೆ ಸುಳ್ ಯೋಳಾಕೆ ಒಂದ್ ಸಣ್ ಡಬ್ಬಿ ಬತ್ತದೆ. ಯೂರಿಯಾನೂ ಬ್ಯಾಡ, ದೀಪನೂ ಹತ್ತಾಕಿಲ್ಲ."

"ಅದು ಕಾನೂನಿಗೆ ವಿರುದ್ಧ" ಅಂದೆ.

"ಯಾರು ಮೇಡಂ ಬಗ್ ನೋಡಾರು?" ಅಂದ ಮೆಕ್ಯಾನಿಕ್.

ನಾನು ಅಣ್ಣನ ಕಡೆ ತಿರುಗಿದೆ. ಅವನು ಬೇಡ ಅನ್ನುತ್ತಾನೆ ಅಂತ ನನಗೆ ಖಾತ್ರಿಯಿತ್ತು. ಅವನು "ಕಿತ್ತಾಕು" ಅಂದ.

ಅಲ್ಲೇ ರಸ್ತೆಯ ಮೇಲೆ ಜಗಳವಾಯಿತು. ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ನಿನ್ನ ವಿಷ ಕುಡಿಯಬೇಕಾ ಅಂದದ್ದು ನೆನಪಿದೆ. ಅವನು ಕೇಳುವಷ್ಟು ಕೇಳಿ ಕಡೆಗೆ ಒಂದೇ ಮಾತು ಹೇಳಿದ.

"ಯಾರ್ಗೋಸ್ಕರ ತಂದೆ ಕಣೆ ನಾನು ಈ ಗಾಡಿಯ? ಊರ್ಗೆಲ್ಲಾ ಯೋಳ್ಕೊಂಡ್ ತಿರುಗ್ದೆ, ನನ್ ತಂಗಿ ಮಾಡಿರೋ ಡಬ್ಬ ಅಂತ. ಇವತ್ ಬೆಳಿಗ್ಗೆನೂವೆ ಇವ್ಳು ಕಟ್ಟೆ ಇಡ್ಕೊಂಡ್ ನಿಂತಿದ್ಲು. ನಿನ್ ಡಬ್ಬ ಇದ್ರೇನು, ಓದ್ರೇನು?"

ಅತ್ತಿಗೆ ಕ್ಯಾಬಿನ್ನಿನಲ್ಲಿ ಕೂತಿದ್ದವಳು ಮುಖ ಆ ಕಡೆ ತಿರುಗಿಸಿಕೊಂಡಳು. ಫೋನಿನಲ್ಲಿ ಅಷ್ಟು ಸಲ 'ಕಮ್ಮಿಯಾಗದೆ' ಅಂದದ್ದು ಸುಳ್ಳೆಂದು ಎಲ್ಲರ ಮುಂದೆ ಬಯಲಾಗಿತ್ತು. ನಾನು ಅಣ್ಣನ ಕೈ ಹಿಡಿದುಕೊಂಡೆ. ಒಂದು ಸಲ ಪೂರ್ತಿ ತೊಳೆಸಿ ನೋಡೋಣ, ಆಮೇಲೂ ಅವಳಿಗೆ ಉಬ್ಬಸ ಬಂದರೆ ಕಿತ್ತು ನಾಲೆಗೆ ಎಸೆ, ನಾನು ಅಡ್ಡ ಬರುವುದಿಲ್ಲ ಅಂದೆ. "ಆಯ್ತು. ಇದೊಂದ್ ಸಲ" ಅಂದ.

ಮೆಕ್ಯಾನಿಕ್ ಟ್ಯಾಂಕು ಬರಿದು ಮಾಡಿ ತೊಳೆದ, ಮೂತಿ ಕೆರೆದ, ಒಳ್ಳೆಯ ಯೂರಿಯಾ ನೀರು ತುಂಬಿದ. ಒಳಗೆ ಅಂಟಿಕೊಂಡಿರುವುದು ಉರಿದು ಹೋಗಬೇಕಾದರೆ ಲೋಡು ಹಾಕಿ ಚೆನ್ನಾಗಿ ಓಡಿಸಿ, ಸೈಲೆನ್ಸರ್ ಕಾಯಬೇಕು, ನಡುವೆ ಆರಿಸಬೇಡಿ ಅಂದ. ಕಾಲೇಜಿಗೆ ರಜೆ ಹಾಕಿ ನಾನೂ ಗಾಡಿ ಹತ್ತಿದೆ. ಅತ್ತಿಗೆಯನ್ನು ಬೇಡ ಅಂದರೆ ಕೇಳಬೇಕಲ್ಲ. "ನನ್ನೆದೆ ಪರೀಕ್ಷೆಗೆ ನಾನಿಲ್ದೆ ಎಂಗೆ?" ಅಂದು ಕಿಟಕಿಯ ಪಕ್ಕ ಕೂತಳು.

ಮಳವಳ್ಳಿಯ ಹತ್ತಿರದ ತೋಟದಲ್ಲಿ ಎಳನೀರು ತುಂಬಿಸಿಕೊಂಡು ಮದ್ದೂರಿನ ರಸ್ತೆ ಹಿಡಿದೆವು. ಅಣ್ಣ ಒತ್ತಿ ಓಡಿಸಿದ. ಸ್ವಲ್ಪ ದೂರಕ್ಕೆ ಹಿಂದಿನಿಂದ ಬಿಳಿ ಹೊಗೆ ಎದ್ದು, ದನದ ಕೊಟ್ಟಿಗೆಯ ಘಾಟು ಕ್ಯಾಬಿನ್ನಿಗೂ ಬಂತು. ಅಣ್ಣ ಅತ್ತಿಗೆಯ ಕಡೆ ನೋಡಿದ. ನಾನು ಗಾಜು ಏರಿಸಿದೆ. ಅದು ಒಳಗಿನ ಯೂರಿಯಾದ ಹರಳು ಕಾದು ಅಮೋನಿಯಾ ಆಗುತ್ತಿರುವ ವಾಸನೆ ಅಂತ ನನಗೆ ಗೊತ್ತು, ಗೊತ್ತಿದ್ದೂ ಸೀಟಿನ ಅಂಚು ಹಿಡಿದುಕೊಂಡೇ ಕೂತಿದ್ದೆ. ಇನ್ನಷ್ಟು ದೂರ ಹೋಗುವಾಗ ಕನ್ನಡಿಯಲ್ಲಿ ಹೊಗೆ ತೆಳ್ಳಗಾಯಿತು, ಆಮೇಲೆ ಕಾಣಲೇ ಇಲ್ಲ. ಮದ್ದೂರು ಮುಟ್ಟುವ ಮೊದಲೇ ಹಳದಿ ದೀಪ ಆರಿತು. ಅಣ್ಣ ಸ್ಟೇರಿಂಗ್ ಮೇಲೆ ಕೈಯಿಂದ ಒಂದು ಏಟು ಕೊಟ್ಟು "ಎಳೀತಾ ಅದೆ ಕಣೆ!" ಅಂದ. ಮದ್ದೂರಿಗೆ ಹೋಗಿ ವಡೆಯ ವಾಸನೆ ಕುಡಿದು ವಡೆ ತಿನ್ನದೆ ಬಂದವರು ನಾವು ಮೂವರೇ ಇರಬೇಕು. ಸೈಲೆನ್ಸರ್ ತಣ್ಣಗಾದರೆ ಎಂಬ ಹೆದರಿಕೆಗೆ ಲೋಡು ಇಳಿಸುವಾಗಲೂ ಅವನು ಎಂಜಿನ್ ಆರಿಸಲಿಲ್ಲ.

ಸಂಜೆ ಅಂಗಳಕ್ಕೆ ಹಿಮ್ಮುಖವಾಗಿ ಗಾಡಿ ತಂದು, ಎಂಜಿನ್ ಆರಿಸದೆಯೇ ಅಣ್ಣ ಇಳಿದು ಅಡುಗೆಮನೆಗೆ ಹೋದ. ನಾವು ಮೂವರೂ ಕಿಟಕಿಯ ಹತ್ತಿರ ನಿಂತೆವು. ಅತ್ತಿಗೆ ಮೊದಲು ಸೆರಗು ಮೂಗಿಗೆ ಹಿಡಿದಿದ್ದಳು, ಆಮೇಲೆ ತೆಗೆದಳು. ಉಸಿರೆಳೆದಳು, ಬಿಟ್ಟಳು. ಕೆಮ್ಮಲಿಲ್ಲ. ಮತ್ತೆ ಎಳೆದಳು. ಅಣ್ಣ ಅವಳ ಬಾಯಿಯನ್ನೇ ನೋಡುತ್ತಿದ್ದ. "ಏನೂ ಇಲ್ಲ ಕಣ್ರೋ, ನನ್ನೇನ್ ಇಂಗ್ ನೋಡೀರಿ" ಅಂದು ಅವಳು ನಾಚಿ ನಕ್ಕಳು. ಆ ರಾತ್ರಿ ಅಣ್ಣ ಊಟಕ್ಕೆ ಕೂತು ನನಗೆ ಎರಡನೇ ಮುದ್ದೆ ಬಲವಂತವಾಗಿ ಬಡಿಸಿದ. ನನಗೆ ಪ್ರಯೋಗಾಲಯದಲ್ಲಿ ಯಾವತ್ತೂ ಸಿಗದಿದ್ದ ಗೆಲುವು ನಮ್ಮ ಅಡುಗೆಮನೆಯಲ್ಲಿ ಸಿಕ್ಕಿತು ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಎಚ್ಚರವಾದದ್ದು ಕೆಮ್ಮಿನ ಸದ್ದಿಗೆ. ಎದ್ದು ಓಡಿದೆ. ಗಾಡಿ ಅದೇ ಜಾಗದಲ್ಲಿ ಗುರುಗುಡುತ್ತಿತ್ತು. ಅತ್ತಿಗೆ ಕಟ್ಟೆ ಹಿಡಿದು ಬಗ್ಗಿದ್ದಳು. ಅಣ್ಣ ಬೆನ್ನು ನೀವುತ್ತಿದ್ದ. "ನಿಧಾನ್ಕೆ ಎಳ್ಕೊ, ನಿಧಾನ್ಕೆ ಬುಡು." ಪಂಪು ಒತ್ತಿಕೊಂಡು ಅವಳು ಸುಧಾರಿಸಿಕೊಂಡ ಮೇಲೆ ಅವನು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಜೇಬಿನಿಂದ ಫೋನು ತೆಗೆದು ಮೆಕ್ಯಾನಿಕ್ಕಿನ ನಂಬರು ಹುಡುಕತೊಡಗಿದ.

ನಾನು ಕಿಟಕಿಗೆ ಮೂಗಿಟ್ಟೆ. ಕಣ್ಣು ಉರಿಯಿತು, ಗಂಟಲು ಕಡಿಯಿತು. ನಿನ್ನೆ ಸಂಜೆ ಇದೇ ಗಾಡಿ, ಇದೇ ಕಿಟಕಿ. ಆಗ ಇಲ್ಲದ ಘಾಟು ಈಗ ಎಲ್ಲಿಂದ ಬಂತು? ಹೊರಗೆ ಹೋಗಿ ಸೈಲೆನ್ಸರಿನ ಡಬ್ಬದ ಹತ್ತಿರ ಕೈ ಹಿಡಿದೆ. ಮುಟ್ಟಿದೆ. ಅದು ಬೆಳಗಿನ ಇಬ್ಬನಿಯಲ್ಲಿ ನೆನೆದು ತಣ್ಣಗಿತ್ತು.

"ಅಣ್ಣ, ಫೋನ್ ಮಡಗು. ಇದು ತಣ್ಣಗಿದ್ದಾಗ ಕೆಲ್ಸ ಮಾಡಲ್ಲ ಕಣಣ್ಣ!"

ನನ್ನ ಜೊತೆ ಓದಿದವರೆಲ್ಲ ತಲೆ ಕೆಡಿಸಿಕೊಂಡದ್ದು ಇದೊಂದಕ್ಕೇ. ಕ್ಯಾಟಲಿಸ್ಟ್ ಚೆನ್ನಾಗಿ ಬಿಸಿಯಾದ ಮೇಲೆಯೇ ಎಚ್ಚರಗೊಳ್ಳುವುದು. ಅದಕ್ಕೂ ಮುಂಚೆ ಗಾಡಿಯ ಕಂಪ್ಯೂಟರ್ ಯೂರಿಯಾ ನೀರನ್ನೂ ಬಿಡುವುದಿಲ್ಲ, ಎಂಜಿನ್ನಿನಿಂದ ಬಂದದ್ದು ಬಂದ ಹಾಗೇ ಹೊರಗೆ ಹೋಗುತ್ತದೆ. ಇನ್ನೊಂದಿಷ್ಟು ಕಡಿಮೆ ಬಿಸಿಯಲ್ಲಿ ಅದನ್ನು ಎಬ್ಬಿಸಬೇಕು, ಇನ್ನೊಂದಿಷ್ಟು ಕಡಿಮೆಯಲ್ಲಿ ಎಬ್ಬಿಸಬೇಕು ಅಂತ ನಾನೂ ವರ್ಷಗಟ್ಟಲೆ ಪುಡಿ ಅರೆದಿದ್ದೆ. ಅದು ನಿಂತಲ್ಲೇ ಗುರುಗುಡುವ ಗಾಡಿಯಲ್ಲಿ ಕಾಯುವುದೇ ಇಲ್ಲ, ಓಡಿದರೆ ಕಾಯುತ್ತದೆ. ಅಂದರೆ ಗಾಡಿ ದಿನವೆಲ್ಲ ಒಳ್ಳೆಯದಾಗಿದ್ದು, ನಮ್ಮ ಅಂಗಳದಲ್ಲಿ ನಿಂತಿರುವ ಆ ಒಂದಿಷ್ಟು ಹೊತ್ತು ಮಾತ್ರ ಕೆಟ್ಟದಾಗಿರುತ್ತಿತ್ತು. ಮೂರು ಗೋಡೆಗಳ ನಡುವೆ, ಅತ್ತಿಗೆಯ ಮೂಗಿನ ನೇರಕ್ಕೆ.

ಅಣ್ಣ ಮೊದಲು ನಂಬಲಿಲ್ಲ. ಆಮೇಲೆ ತಾನೇ ಹೋಗಿ ಡಬ್ಬ ಮುಟ್ಟಿ ನೋಡಿ ಬಂದ. "ಅಂಗಾರೆ ನಾಳೆಯಿಂದ ಗಾಡಿಯ ನಾಲೆ ಏರಿ ಮ್ಯಾಲೆ ನಿಲ್ಲುಸ್ತೀನಿ. ಅಲ್ಲೇ ಸ್ಟಾರ್ಟ್ ಮಾಡ್ಕಂಡು ಓಯ್ತೀನಿ" ಅಂದ. ಇಷ್ಟು ಸುಲಭವಾಗಿ ಮುಗಿಯಿತಲ್ಲ ಅಂತ ನಾನು ಉಸಿರು ಬಿಡುವಷ್ಟರಲ್ಲಿ ಅತ್ತಿಗೆ "ಬ್ಯಾಡ" ಅಂದಳು.

"ಬ್ಯಾಡ ಅಂದ್ರೆ?"

"ಗಾಡಿ ಇಲ್ಲೇ ನಿಂತ್ಕಳ್ಳಿ. ನಂಗೇನೂ ಆಗಾಕಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಇವಳ ಎದೆಗಾಗಿ ಇಷ್ಟೆಲ್ಲ ಒದ್ದಾಡಿ, ಕಾರಣ ಕೈಗೆ ಸಿಕ್ಕಾಗ ಇವಳೇ ಅಡ್ಡ ನಿಲ್ಲುತ್ತಾಳಲ್ಲ! ಅಣ್ಣನನ್ನು ಹೊರಗೆ ಕಳಿಸಿ "ನಿನಗೇನ್ ಬುದ್ಧಿ ಕೆಟ್ಟಿದ್ಯಾ ಅತ್ಗೆ?" ಅಂತ ಕೇಳಿದೆ. ಅವಳು ಬುತ್ತಿಯ ಡಬ್ಬಿಯ ಮುಚ್ಚಳ ಒರೆಸುತ್ತಾ ನಿಂತಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ನಗಾಡಬ್ಯಾಡ ಕಣಮ್ಮಿ. ಗಾಡಿ ಸದ್ದು ಬತ್ತಾ ಇದ್ರೆ ನಿಮ್ಮಣ್ಣ ಇನ್ನೂ ಮನೇಲೇ ಅವ್ನೆ ಅಂತ. ಆ ಒಸ್ಲು ಮ್ಯಾಲೆ ಕುಂತು ಕಾಪಿ ಕುಡೀತಾ ಏನೋ ಒಂದ್ ಮಾತಾಡ್ತಾನೆ. ಆಮೇಲ್ ಓದ್ರೆ ಮುಗೀತು, ಬರೋಗಂಟ ಅವ್ನ ಮಕ ಕಾಣಂಗಿಲ್ಲ, ಬಂದ್ರೂವೆ ಉಂಡು ಬಿದ್ಕತಾನೆ. ನಂದೂ ಅಂತ ಇರಾದು ಗಾಡಿ ಬಿಸಿಯಾಗೋ ಒತ್ತು ಒಂದೇಯ. ಅದ್ನೂ ನಾಲೆ ಮ್ಯಾಲೆ ಮಡುಗ್ಬುಟ್ರೆ?"

ಅತ್ತಿಗೆ ತನ್ನ ಉಸಿರು ಕೊಟ್ಟು ಆ ಹೊತ್ತನ್ನು ಉಳಿಸಿಕೊಂಡಿದ್ದಳು. ಕೆಮ್ಮು ಯಾಕೆ ಬರುತ್ತಿತ್ತು ಅಂತ ಅವಳಿಗೆ ಅರ್ಧ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. ಹೊರಗೆ ಬಂದರೆ ಅಣ್ಣ ಬಾಗಿಲ ಪಕ್ಕದಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಮುಖ ಆ ಕಡೆ ಮಾಡಿಕೊಂಡು ಹೋಗಿ ಗಾಡಿ ಆರಿಸಿದ. ಅಂಗಳ ಒಂದೇ ಸಲಕ್ಕೆ ನಿಶ್ಶಬ್ದವಾಯಿತು.

ಆಮೇಲೆ ಅವನು ಏನು ಹೇಳಿದ, ಅವಳು ಹೇಗೆ ಒಪ್ಪಿದಳು ಅನ್ನುವುದು ಗಂಡ ಹೆಂಡತಿಯ ಮಾತು. ನನಗೆ ಗೊತ್ತಿರುವುದು ಈಗ ನಡೆಯುತ್ತಿರುವುದು. ಗಾಡಿ ನಾಲೆ ಏರಿಯ ಮೇಲೆ ನಿಲ್ಲುತ್ತದೆ. ಬೆಳಿಗ್ಗೆ ಅಣ್ಣ ಹೊಸ್ತಿಲ ಮೇಲೆ ಕಾಫಿ ಕುಡಿಯುವುದಿಲ್ಲ. ಅತ್ತಿಗೆ ಕಾಫಿಯನ್ನು ಫ್ಲಾಸ್ಕಿಗೆ ಹಾಕಿಕೊಂಡು, ಬುತ್ತಿ ಹಿಡಿದು, ಅವನ ಜೊತೆ ನಾಲೆಯವರೆಗೆ ನಡೆಯುತ್ತಾಳೆ. ನಡುವೆ ಒಂದು ಸಲ ನಿಂತು ಸುಧಾರಿಸಿಕೊಳ್ಳುತ್ತಾಳೆ, ಅವನೂ ನಿಲ್ಲುತ್ತಾನೆ. ಸೇತುವೆಯ ಕಟ್ಟೆಯ ಮೇಲೆ ಇಬ್ಬರೂ ಕೂತು ಕಾಫಿ ಕುಡಿಯುತ್ತಾರೆ. ಗಾಡಿ ತಣ್ಣಗೆ ನಿಂತಿರುತ್ತದೆ. ಆಮೇಲೆ ಅವಳು ಮನೆಗೆ ವಾಪಸು ಬಂದು, ಅಡುಗೆಮನೆಯ ಹೊರಗಿನ ಬಲ್ಬು ಹಾಕುತ್ತಾಳೆ. ಏರಿಯ ಮೇಲಿಂದ ಅದು ಕಾಣುತ್ತದೆ. ಕಂಡ ಮೇಲೆಯೇ ಅವನು ಸ್ಟಾರ್ಟ್ ಮಾಡುವುದು. ಸ್ಟಾರ್ಟ್ ಮಾಡಿ ಅಲ್ಲೇ ನಿಲ್ಲಿಸುವುದೂ ಇಲ್ಲ, ಬ್ರೇಕಿಗೆ ಗಾಳಿ ಕಟ್ಟಿದ ಕೂಡಲೇ ಮೆಲ್ಲಗೆ ಹೊರಡುತ್ತಾನೆ, ಬೇಗ ಕಾಯಲಿ ಅಂತ. ಅಷ್ಟು ಹೊತ್ತಿನ ವಿಷ ಗದ್ದೆಯ ಮೇಲಿನ ಗಾಳಿಗೆ ಹೋಗಿಯೇ ಹೋಗುತ್ತದೆ, ಇಲ್ಲ ಅಂತ ನಾನು ಸುಳ್ಳು ಹೇಳಲಾರೆ. ಅದನ್ನೂ ನಿಲ್ಲಿಸುವ ಪುಡಿಯನ್ನು ಯಾರಾದರೂ ಅರೆಯಲಿ. ಅತ್ತಿಗೆಯ ಉಬ್ಬಸ ಪೂರ್ತಿ ಹೋಗಿಲ್ಲ. ಆದರೆ ಬೆಳಿಗ್ಗೆ ಕಟ್ಟೆ ಹಿಡಿದು ನಿಲ್ಲುವುದು ತಪ್ಪಿದೆ. ಈಗ ಅವಳು 'ಕಮ್ಮಿಯಾಗದೆ' ಅಂದರೆ ನಾನು ಅಣ್ಣನನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಮೊನ್ನೆ ಊರಿಗೆ ಹೋಗಿದ್ದಾಗ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಅತ್ತಿಗೆ ನಾಲೆಯಿಂದ ವಾಪಸು ಬಂದು ಸ್ವಿಚ್ಚು ಒತ್ತಿದಳು. ಕರೆಂಟಿರಲಿಲ್ಲ. "ಹಾಳಾದ್ ಕರೆಂಟು" ಅಂತ ಬೈದುಕೊಂಡು ಬೆಂಕಿಪೊಟ್ಟಣ, ದೀಪ ಅಂತ ತಡಕಾಡತೊಡಗಿದಳು. ಹೊರಗೆ ಗಾಡಿಯ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಯಾರೋ ಓಡಿಬರುವ ಸದ್ದು. ಅಣ್ಣ. ಪಂಚೆ ಮೇಲಕ್ಕೆತ್ತಿ ಹಿಡಿದು, ಚಪ್ಪಲಿ ಎಲ್ಲೋ ಬಿಟ್ಟು, ಬಾಗಿಲಿಗೆ ಬಂದು ನಿಂತ. ಅತ್ತಿಗೆ ಸರಿಯಾಗಿಯೇ ನಿಂತಿರುವುದನ್ನು ಕಂಡ. ಏನೋ ಹೇಳಲು ಬಾಯಿ ತೆರೆದ, ಆಗಲಿಲ್ಲ. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಬಗ್ಗಿಬಿಟ್ಟ. ಎದೆ ಏರುತ್ತಿದೆ, ಇಳಿಯುತ್ತಿದೆ, ಉಸಿರು ಕೈಗೆ ಸಿಗುತ್ತಿಲ್ಲ.

ಅತ್ತಿಗೆ ಬೆಂಕಿಪೊಟ್ಟಣ ಕೆಳಗಿಟ್ಟು ಅವನ ಹತ್ತಿರ ಹೋದಳು. ಬೆನ್ನಿನ ಮೇಲೆ ಕೈಯಿಟ್ಟು ನೀವತೊಡಗಿದಳು.

"ನಿಧಾನ್ಕೆ ಎಳ್ಕೊ" ಅಂದಳು. "ನಿಧಾನ್ಕೆ ಬುಡು."